ಕಾರಿನ ಮುಂದಿನ ಸ್ಟ್ರಟ್ ಮನೆಯಲ್ಲೇ ಬದಲಿಸಬಹುದಾ? ಬದಲಿಸಬಹುದು, ಸ್ಪ್ರಿಂಗ್ ಕೆಲಸ ಒಂದನ್ನು ಬಿಟ್ಟು

ಪ್ರಶ್ನೆ: ನನ್ನದು 2012ರ ಸ್ವಿಫ್ಟ್ ಡೀಸೆಲ್ ಕಾರು. 1.2 ಲಕ್ಷ ಕಿ.ಮೀ. ಓಡಿದೆ. ಮನೆ ಸುಳ್ಯದ ಹತ್ತಿರ. ಹಂಪ್ ಇಳಿಯುವಾಗ ಮುಂದಿನಿಂದ ಧಡ್ ಅಂತ ಸದ್ದು ಬರುತ್ತದೆ. ಘಾಟಿಯ ತಿರುವುಗಳಲ್ಲಿ ಕಾರು ಮೊದಲಿಗಿಂತ ಜಾಸ್ತಿ ವಾಲುತ್ತದೆ. ಗ್ಯಾರೇಜಿನವರು ಮುಂದಿನ ಎರಡೂ ಸ್ಟ್ರಟ್ ಹೋಗಿವೆ ಅಂದರು. ಆಯಿಲ್, ಬ್ರೇಕ್ ಪ್ಯಾಡ್ ಎಲ್ಲ ನಾನೇ ಬದಲಿಸಿಕೊಳ್ಳುತ್ತೇನೆ. ಒಳ್ಳೆಯ ಸ್ಪ್ಯಾನರ್ ಸೆಟ್ ಇದೆ. ಆನ್‌ಲೈನ್‌ನಲ್ಲಿ ಸ್ಪ್ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರ್ ಕೂಡ ಕಡಿಮೆ ಬೆಲೆಗೆ ಸಿಗುತ್ತಿದೆ. ಈ ಕೆಲಸ ಮನೆಯಲ್ಲೇ ಮಾಡಿಕೊಳ್ಳಬಹುದಾ?

ಉತ್ತರ: ಬ್ರೇಕ್ ಪ್ಯಾಡ್ ಬದಲಿಸಿ ಅಭ್ಯಾಸ ಇರುವವರಿಗೆ ಇದು ಕೈಗೆ ಸಿಗದ ಕೆಲಸವೇನಲ್ಲ. ಆದರೆ ಇದರೊಳಗೆ ಎರಡು ಬೇರೆ ಬೇರೆ ಕೆಲಸಗಳಿವೆ. ಕಾರಿನಿಂದ ಸ್ಟ್ರಟ್, ಅಂದರೆ ಮುಂದಿನ ಚಕ್ರದ ಸ್ಪ್ರಿಂಗ್ ಹೊತ್ತಿರುವ ಶಾಕ್ ಅಬ್ಸಾರ್ಬರ್ ಕಂಬ, ಬಿಚ್ಚಿ ಮತ್ತೆ ಕೂರಿಸುವುದು ಒಂದು. ಹಳೆಯ ಸ್ಟ್ರಟ್‌ನಿಂದ ಸ್ಪ್ರಿಂಗ್ ತೆಗೆದು ಹೊಸದಕ್ಕೆ ಹಾಕುವುದು ಇನ್ನೊಂದು. ಮೊದಲನೆಯದನ್ನು ನಿಮ್ಮ ಅಂಗಳದಲ್ಲೇ ಧಾರಾಳವಾಗಿ ಮಾಡಿ. ಎರಡನೆಯದನ್ನು ಮಾಡಬೇಡಿ. ಬಿಚ್ಚಿದ ಸ್ಟ್ರಟ್‌ಗಳನ್ನು ಗ್ಯಾರೇಜಿಗೆ ತೆಗೆದುಕೊಂಡು ಹೋಗಿ, ಸ್ಪ್ರಿಂಗನ್ನು ಹೊಸ ಸ್ಟ್ರಟ್‌ಗೆ ಹಾಕಿಸಿಕೊಂಡು ಬನ್ನಿ. ಯಾಕೆ ಅಂತ ಮುಂದೆ ವಿವರವಾಗಿ ಹೇಳುತ್ತೇನೆ.

ಅದಕ್ಕೂ ಮೊದಲು, ಹೋಗಿರುವುದು ನಿಜವಾಗಿ ಸ್ಟ್ರಟ್ಟೇನಾ ಎಂದು ನೋಡಬೇಕು. ನಿಮ್ಮ ಪತ್ರದಲ್ಲಿ ಒಂದು ಮಾತು ನನ್ನ ಗಮನ ಸೆಳೆಯಿತು. ಕಾರು ಜಾಸ್ತಿ ವಾಲುತ್ತದೆ ಅಂದಿದ್ದೀರಿ. ಉದ್ದನೆಯ ತಿರುವಿನಲ್ಲಿ ಕಾರು ಎಷ್ಟು ವಾಲಿ ನಿಲ್ಲುತ್ತದೆ ಎನ್ನುವುದನ್ನು ತೀರ್ಮಾನಿಸುವುದು ಮುಖ್ಯವಾಗಿ ಸ್ಪ್ರಿಂಗ್ ಮತ್ತು ಸ್ಟೆಬಿಲೈಸರ್ ಬಾರ್, ಅಂದರೆ ಎಡ ಬಲ ಚಕ್ರಗಳ ನಡುವೆ ವಾಲುವುದನ್ನು ತಡೆಯುವ ಉಕ್ಕಿನ ಸಲಾಕೆ. ಸ್ಟ್ರಟ್ ಸತ್ತಿದ್ದರೆ ಕಾರು ಬೇಗ ವಾಲುತ್ತದೆ, ಒಂದು ತಿರುವಿನಿಂದ ಇನ್ನೊಂದಕ್ಕೆ ಹೊರಳುವಾಗ ತೂಗಾಡುತ್ತದೆ. ಆದರೆ ತಿರುವು ಮುಗಿಯುವವರೆಗೂ ಜಾಸ್ತಿ ವಾಲಿಕೊಂಡೇ ಇದ್ದರೆ ಸ್ಟೆಬಿಲೈಸರ್ ಬಾರನ್ನು ಸ್ಟ್ರಟ್‌ಗೆ ಜೋಡಿಸುವ ಲಿಂಕ್ ರಾಡ್ ಮೇಲೆ ನನಗೆ ಅನುಮಾನ. ಅದು ಬಹಳ ಸಣ್ಣ ಭಾಗ. ಸ್ಟ್ರಟ್‌ನ ಬೆಲೆಗೆ ಹೋಲಿಸಿದರೆ ಅದರ ಬೆಲೆ ಏನೂ ಅಲ್ಲ.

ಸದ್ದು ಕೇಳಿಯೇ ಸಾಕಷ್ಟು ಪತ್ತೆ ಮಾಡಬಹುದು. ನಿಧಾನವಾಗಿ ಹೋಗುವಾಗ, ಕಲ್ಲು ಕಿತ್ತ ರಸ್ತೆಯ ಸಣ್ಣ ಸಣ್ಣ ಕುಲುಕಿಗೆಲ್ಲ ಟಕ್ ಟಕ್ ಅನ್ನುತ್ತಿದ್ದರೆ ಮೊದಲು ಲಿಂಕ್ ರಾಡ್ ನೋಡಿ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸುವಾಗ ಕಿರ್ ಅಂದು, ಸ್ಪ್ರಿಂಗ್ ಠಣ್ ಅಂತ ಜಿಗಿದ ಹಾಗಾದರೆ ಸ್ಟ್ರಟ್ ಮೇಲ್ತುದಿಯನ್ನು ಬಾಡಿಗೆ ಕೂರಿಸುವ ಮೌಂಟ್ ಅಥವಾ ಅದರ ಬೇರಿಂಗ್ ಹೋಗಿರುತ್ತದೆ. ಬ್ರೇಕ್ ಒತ್ತಿದಾಗ, ಬಿಟ್ಟಾಗ ಕೆಳಗಿನಿಂದ ಢಕ್ ಅಂತ ಸದ್ದು ಬಂದರೆ, ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್‌ನ ರಬ್ಬರ್ ಬುಷ್ ಹೋಗಿರುತ್ತದೆ. ದೊಡ್ಡ ಹಂಪ್ ಇಳಿದಾಗ ಮಾತ್ರ ಧಡ್ ಅಂದು, ಆಮೇಲೆ ಮುಂಭಾಗ ಎರಡು ಮೂರು ಸಲ ಮೇಲೆ ಕೆಳಗೆ ಆಡಿದರೆ ಸ್ಟ್ರಟ್ ಹೋಗಿದೆ ಎನ್ನಬಹುದು.

ಕಣ್ಣಿನಿಂದಲೂ ನೋಡಿ. ರಬ್ಬರಿನ ಡಸ್ಟ್ ಕವರ್ ಎತ್ತಿದರೆ ಒಳಗೆ ಹೊಳೆಯುವ ರಾಡ್ ಕಾಣುತ್ತದೆ. ಅದರ ಬುಡದಲ್ಲಿ ಸ್ವಲ್ಪ ತೇವದಂತೆ ಎಣ್ಣೆಯ ಪಸೆ ಇದ್ದರೆ ಅದು ಸಹಜ. ಎಣ್ಣೆ ಇಳಿದು ಸ್ಟ್ರಟ್ ಮೈಯೆಲ್ಲ ನೆನೆದು, ಅದರ ಮೇಲೆ ಧೂಳು ಮೆತ್ತಿದ್ದರೆ ಸೀಲ್ ಹೋಗಿದೆ. ಟಯರ್ ಮೇಲೆ ಅಂಗೈ ಸವರಿ. ಅಲ್ಲಲ್ಲಿ ಗುಳಿ ಬಿದ್ದ ಹಾಗೆ ಸವೆದಿದ್ದರೆ ಟಯರ್ ರಸ್ತೆಯ ಮೇಲೆ ಕುಣಿಯುತ್ತಾ ಓಡಿದೆ ಅಂತ ಅರ್ಥ. ಇದು ಬರೀ ಕುಲುಕಾಟದ ವಿಷಯ ಅಲ್ಲ. ಕುಣಿಯುವ ಟಯರ್ ಮಳೆಯಲ್ಲಿ ರಸ್ತೆ ಹಿಡಿಯುವುದಿಲ್ಲ, ಬ್ರೇಕ್ ಒತ್ತಿದರೆ ಕಾರು ನಿಲ್ಲಲು ಜಾಸ್ತಿ ದೂರ ಬೇಕಾಗುತ್ತದೆ. ಮಡಿಕೇರಿ ಕಡೆಗೋ ಶಿರಾಡಿ ಕಡೆಗೋ ಆಗಾಗ ಹೋಗುವವರು ಇದನ್ನು ಮುಂದಕ್ಕೆ ಹಾಕಬಾರದು.

ಸ್ಟ್ರಟ್ಟೇ ಹೋಗಿದೆ ಎಂದು ಖಾತ್ರಿಯಾಯಿತು ಅಂದುಕೊಳ್ಳಿ. ಅದು ಮಾಡುವ ಕೆಲಸ ಏನು ಎಂದು ತಿಳಿದಿದ್ದರೆ ಮುಂದಿನ ಹೆಜ್ಜೆಗಳು ಸುಲಭ. ಹಿಂದಿನ ಚಕ್ರದ ಶಾಕ್ ಅಬ್ಸಾರ್ಬರ್ ಕುಲುಕಾಟ ತಡೆಯುತ್ತದೆ, ಅಷ್ಟೇ. ಮುಂದಿನ ಸ್ಟ್ರಟ್ ಹಾಗಲ್ಲ. ಅದು ಕುಲುಕಾಟ ತಡೆಯುತ್ತದೆ, ಸ್ಪ್ರಿಂಗನ್ನು ಹೊರುತ್ತದೆ, ಚಕ್ರ ನೆಟ್ಟಗೆ ನಿಲ್ಲುವಂತೆ ಹಿಡಿಯುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗ ತಾನೂ ಚಕ್ರದ ಜೊತೆ ತಿರುಗುತ್ತದೆ. ಇದನ್ನು ರೂಪಿಸಿದವರು ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್. 1950ರ ಹೊತ್ತಿಗೆ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್, ಜೆಫಿರ್ ಕಾರುಗಳಲ್ಲಿ ಇದು ಬಂತು. ಜಾಗ ಕಡಿಮೆ ಸಾಕು, ಭಾಗಗಳೂ ಕಡಿಮೆ. ಹಾಗಾಗಿ ಇವತ್ತು ನಮ್ಮ ರಸ್ತೆಯ ಬಹುತೇಕ ಸಣ್ಣ ಕಾರುಗಳ ಮುಂದೆ ಇದೇ ಇದೆ. ಇಷ್ಟೆಲ್ಲ ಕೆಲಸ ಒಂದೇ ಭಾಗಕ್ಕೆ ಬಿದ್ದಿರುವುದರಿಂದ, ಅದನ್ನು ಬಿಚ್ಚಿದರೆ ವೀಲ್ ಅಲೈನ್‌ಮೆಂಟ್ ಕೂಡ ಅಲುಗಾಡುತ್ತದೆ.

ಸಾಮಾನು ತರುವಾಗ ಎರಡೂ ಬದಿಗೆ ತನ್ನಿ. ಒಂದು ಕಡೆ ಮಾತ್ರ ಹೊಸದು ಹಾಕಿದರೆ ಬ್ರೇಕ್ ಹಾಕಿದಾಗ, ತಿರುವಿನಲ್ಲಿ, ಎರಡು ಚಕ್ರ ಎರಡು ಥರ ನಡೆದುಕೊಳ್ಳುತ್ತವೆ. ಮೇಲಿನ ಮೌಂಟ್, ಬೇರಿಂಗ್, ಸ್ಟ್ರಟ್ ಪೂರ್ತಿ ಒತ್ತಿದಾಗ ಹೊಡೆತ ತಡೆಯುವ ಬಂಪ್ ಸ್ಟಾಪರ್, ಡಸ್ಟ್ ಕವರ್ ಇಷ್ಟನ್ನೂ ಜೊತೆಗೆ ತೆಗೆದುಕೊಳ್ಳಿ. ಇವುಗಳಲ್ಲಿ ಯಾವುದು ಹೋದರೂ ಮತ್ತೆ ಇಡೀ ಸ್ಟ್ರಟ್ ಇಳಿಸಬೇಕು. 1.2 ಲಕ್ಷ ಕಿ.ಮೀ. ಓಡಿದ ರಬ್ಬರನ್ನು ಹೊಸ ಸ್ಟ್ರಟ್ ಮೇಲೆ ಕೂರಿಸುವುದರಲ್ಲಿ ಉಳಿತಾಯ ಇಲ್ಲ. ಲಿಂಕ್ ರಾಡ್‌ಗಳಿಗೂ ಇದೇ ಮಾತು. ಸ್ಟ್ರಟ್‌ಗೆ ಎಡ, ಬಲ ಅಂತ ಬೇರೆ ಬೇರೆ ನಂಬರ್ ಇರುತ್ತದೆ, ಬ್ರೇಕ್ ಹೋಸ್ ಹಿಡಿಯುವ ಕಿವಿ ಒಂದೊಂದರಲ್ಲಿ ಒಂದೊಂದು ಕಡೆ ಇರುತ್ತದೆ. ಅಂಗಡಿಯಲ್ಲೇ ಬಾಕ್ಸ್ ಬಿಚ್ಚಿ ನೋಡಿ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸುವುದಾದರೆ ಕಾರಿನ ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತಾಳೆ ಮಾಡಿಸಿ. ಒಂದೇ ಮಾಡೆಲ್‌ನಲ್ಲೂ ಪೆಟ್ರೋಲ್, ಡೀಸೆಲ್ ಕಾರಿನ ಮುಂಭಾಗದ ತೂಕ ಬೇರೆ.

ಈಗ ಜಾಗ. ನಿಮ್ಮ ಕಡೆ ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಮಣ್ಣಿನ ಮೇಲೆ, ಇಳಿಜಾರಿನಲ್ಲಿ ಈ ಕೆಲಸ ಬೇಡ. ಕಾರಿನ ಜೊತೆ ಬರುವ ಜಾಕ್ ಇರುವುದು ಪಂಕ್ಚರ್ ಆದಾಗ ಚಕ್ರ ಬದಲಿಸಲು. ಅದನ್ನು ನಂಬಿ ಕಾರಿನ ಕೆಳಗೆ ಕೈಯನ್ನೂ ಹಾಕಬೇಡಿ. ಒಂದು ಟ್ರಾಲಿ ಜಾಕ್, ಎರಡು ಜಾಕ್ ಸ್ಟ್ಯಾಂಡ್ ಬೇಕೇ ಬೇಕು. ಸ್ಟ್ಯಾಂಡ್ ಬದಲಿಗೆ ಸಿಮೆಂಟ್ ಬ್ಲಾಕ್ ಅಥವಾ ಕೆಂಪು ಕಲ್ಲು ಜೋಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕಾರಿನ ಭಾರ ಸಣ್ಣದೊಂದು ಜಾಗದಲ್ಲಿ ಊರಿದಾಗ ಟೊಳ್ಳು ಬ್ಲಾಕ್, ಮೆದು ಕಲ್ಲು ಏನೂ ಸೂಚನೆ ಕೊಡದೆ ಒಡೆದುಹೋಗುತ್ತವೆ.

ತುಂಬಾ ಜನ ಮರೆಯುವ ಒಂದು ವಿಷಯ ಇದೆ. ನಿಮ್ಮದು ಮುಂದಿನ ಚಕ್ರದಿಂದ ಓಡುವ ಕಾರು. ಗೇರಿಗೆ ಹಾಕಿ ನಿಲ್ಲಿಸಿದರೆ ಗೇರ್ ಹಿಡಿಯುವುದು ಮುಂದಿನ ಚಕ್ರಗಳನ್ನು. ಅವನ್ನೇ ಮೇಲೆ ಎತ್ತಿದ ಮೇಲೆ ಗೇರಿನಿಂದ ಏನೂ ಪ್ರಯೋಜನ ಇಲ್ಲ. ಕಾರು ನಿಂತಿರುವುದು ಹ್ಯಾಂಡ್ ಬ್ರೇಕ್ ಮೇಲೆ ಮಾತ್ರ. ಹಾಗಾಗಿ ಹಿಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಗಟ್ಟಿ ಮರದ ಅಡೆ ಕೊಡಿ. ವೀಲ್ ನಟ್‌ಗಳನ್ನು ಚಕ್ರ ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲಿಸಿ. ಆಮೇಲೆ ಮುಂದಿನ ಎರಡೂ ಬದಿ ಎತ್ತಿ ಸ್ಟ್ಯಾಂಡ್ ಮೇಲೆ ಇಳಿಸಿ. ಒಂದೇ ಬದಿ ಎತ್ತಿದರೆ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು, ಲಿಂಕ್ ರಾಡ್ ಬಿಚ್ಚಲೂ ಕಷ್ಟ, ಮತ್ತೆ ಕೂರಿಸಲೂ ಕಷ್ಟ. ಬಿಚ್ಚಿದ ಚಕ್ರಗಳನ್ನು ಬಾಗಿಲ ಕೆಳಗಿನ ಪಟ್ಟಿಯ ಅಡಿಗೆ ಮಲಗಿಸಿಡಿ. ಸ್ಟ್ಯಾಂಡ್ ಜಾರಿದರೂ ಕಾರು ಚಕ್ರದ ಮೇಲೆ ನಿಲ್ಲುತ್ತದೆ. ಸ್ಟ್ಯಾಂಡ್ ಮೇಲೆ ಕೂತ ಕಾರನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿದ ಮೇಲೆಯೇ ಕೆಲಸಕ್ಕೆ ಕೈ ಹಾಕಿ.

ಬಿಚ್ಚುವ ಹಿಂದಿನ ರಾತ್ರಿಯೇ ಎಲ್ಲ ನಟ್ಟುಗಳಿಗೂ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ನಿಮ್ಮ ಊರಿನ ಮಳೆಗೆ ಹನ್ನೆರಡು ವರ್ಷ ದಾಟಿದ ಬೋಲ್ಟ್ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಮೊದಲು ಬ್ರೇಕ್ ಹೋಸನ್ನು, ಎಬಿಎಸ್ ಇದ್ದರೆ ಅದರ ವೈರನ್ನು ಸ್ಟ್ರಟ್‌ನಿಂದ ಬಿಡಿಸಿ. ಹೋಸ್ ಬಿಚ್ಚಬೇಕಾಗಿಲ್ಲ, ಹಿಡಿಕೆಯಿಂದ ಸರಿಸಿದರೆ ಸಾಕು. ಲಿಂಕ್ ರಾಡ್‌ನ ನಟ್ಟು ತಿರುಗಿಸುವಾಗ ಒಳಗಿನ ಪಿನ್ನೂ ಜೊತೆಗೆ ತಿರುಗಬಹುದು. ಪಿನ್ ತುದಿಯಲ್ಲಿ ಅಲೆನ್ ಕೀಗೆ ಜಾಗ ಇದ್ದರೆ ಅದರಿಂದ ಹಿಡಿದುಕೊಂಡು ನಟ್ಟು ಮಾತ್ರ ತಿರುಗಿಸಿ.

ಸ್ಟ್ರಟ್‌ನ ಕೆಳತುದಿ ಎರಡು ದಪ್ಪ ಬೋಲ್ಟ್‌ಗಳಿಂದ ನಕಲ್‌ಗೆ ಸೇರಿರುತ್ತದೆ. ನಕಲ್ ಅಂದರೆ ಚಕ್ರದ ಹಬ್ ಕೂತಿರುವ ಎರಕದ ತುಂಡು. ಇಲ್ಲಿ ಒಂದು ನಿಮಿಷ ನಿಲ್ಲಿ. ಬಿಚ್ಚುವ ಮೊದಲು, ಸ್ಟ್ರಟ್ ಮತ್ತು ನಕಲ್ ಸೇರುವ ಅಂಚಿನಲ್ಲೂ ಬೋಲ್ಟ್ ತಲೆಯ ಸುತ್ತಲೂ ಬಿಳಿ ಪೇಂಟಿನಿಂದ ಗೆರೆ ಹಾಕಿ, ಫೋಟೋ ತೆಗೆಯಿರಿ. ಆ ತೂತುಗಳಲ್ಲಿ ಸ್ವಲ್ಪ ಸಡಿಲ ಇರುತ್ತದೆ. ಚಕ್ರದ ಮೇಲ್ತುದಿ ಒಳಗೆ ವಾಲಬೇಕೋ ಹೊರಗೋ ಎನ್ನುವುದು, ಅಂದರೆ ಕ್ಯಾಂಬರ್, ಆ ಸಡಿಲದಲ್ಲೇ ಬದಲಾಗುತ್ತದೆ. ಹೊಸ ಸ್ಟ್ರಟ್‌ನಲ್ಲಿ ನಿಮ್ಮ ಗೆರೆ ಇರುವುದಿಲ್ಲ ನಿಜ. ಆದರೆ ನಕಲ್ ಮೇಲಿನ ಗೆರೆ, ಫೋಟೋ ಎರಡೂ ಸೇರಿ ಮೊದಲಿದ್ದ ಜಾಗಕ್ಕೆ ಹತ್ತಿರ ತರುತ್ತವೆ.

ಬೋಲ್ಟಿನ ತಲೆಯನ್ನು ಅಲುಗದಂತೆ ಹಿಡಿದು ನಟ್ಟನ್ನು ಮಾತ್ರ ತಿರುಗಿಸಿ. ಕೆಲವು ಬೋಲ್ಟ್‌ಗಳ ಕುತ್ತಿಗೆಯಲ್ಲಿ ಹಲ್ಲು ಇರುತ್ತದೆ, ತಲೆ ತಿರುಗಿಸಿದರೆ ತೂತು ಹಾಳಾಗುತ್ತದೆ. ಬೋಲ್ಟ್ ಹೊರಬರದಿದ್ದರೆ ನಟ್ಟನ್ನು ತುದಿಯ ಮಟ್ಟಕ್ಕೆ ತಿರುಗಿಸಿ ಇಟ್ಟು, ಅದರ ಮೇಲೆ ಮರದ ತುಂಡು ಇಟ್ಟು ಹೊಡೆಯಿರಿ. ಬರೀ ಬೋಲ್ಟಿಗೆ ಸುತ್ತಿಗೆ ಬಿದ್ದರೆ ಅದರ ಮರೆಗಳು, ಅಂದರೆ ಥ್ರೆಡ್, ಚಪ್ಪಟೆಯಾಗುತ್ತವೆ.

ಎರಡನೇ ಬೋಲ್ಟ್ ಎಳೆಯುವ ಮೊದಲು ನಕಲನ್ನು ಗಟ್ಟಿ ತಂತಿಯಿಂದ ಮೇಲಕ್ಕೆ ಕಟ್ಟಿಡಿ. ಇಲ್ಲದಿದ್ದರೆ ಬೋಲ್ಟ್ ಬಂದ ತಕ್ಷಣ ನಕಲ್ ಹೊರಗಡೆಗೆ ಬೀಳುತ್ತದೆ. ಬ್ರೇಕ್ ಹೋಸ್ ಜಗ್ಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಗೇರ್ ಬಾಕ್ಸ್‌ನಿಂದ ಚಕ್ರಕ್ಕೆ ಬಲ ಒಯ್ಯುವ ಡ್ರೈವ್ ಶಾಫ್ಟ್ ಎಳೆದುಕೊಂಡು, ಗೇರ್ ಬಾಕ್ಸ್ ಪಕ್ಕದ ಜಾಯಿಂಟ್ ಒಳಗೇ ಕಳಚಿಕೊಳ್ಳಬಹುದು. ಹಾಗಾದರೆ ಅರ್ಧ ದಿನದ ಕೆಲಸ ಎರಡು ದಿನ ಆಗುತ್ತದೆ.

ಇನ್ನು ಬಾನೆಟ್ ಒಳಗಿನ ಮೇಲ್ತುದಿ. ಕೆಲವು ಕಾರುಗಳಲ್ಲಿ ಸ್ಟ್ರಟ್ ಮೇಲ್ಭಾಗವನ್ನು ಬಾಡಿಗೆ ಹಿಡಿದಿರುವುದು ಸುತ್ತಲಿನ ಎರಡು ಅಥವಾ ಮೂರು ಸಣ್ಣ ನಟ್ಟು. ಇನ್ನು ಕೆಲವದರಲ್ಲಿ ನಡುವೆ ಒಂದೇ ದೊಡ್ಡ ನಟ್ಟು, ಅದರ ಕೆಳಗೆ ಸ್ಪ್ರಿಂಗ್ ಹಿಡಿದಿರುವ ಇನ್ನೊಂದು ನಟ್ಟು. ಸಣ್ಣ ನಟ್ಟುಗಳಿರುವ ಕಾರಿನಲ್ಲಿ ನಡುವಿನ ನಟ್ಟನ್ನು ಮುಟ್ಟಲೇಬಾರದು. ಸ್ಪ್ರಿಂಗನ್ನು ಹಿಡಿದಿರುವುದೇ ಅದು. ಯಾವುದು ಬಾಡಿಯದು, ಯಾವುದು ಸ್ಪ್ರಿಂಗಿನದು ಎನ್ನುವುದನ್ನು ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್‌ನ ಚಿತ್ರದಲ್ಲಿ ನೋಡಿ ತಿಳಿದ ಮೇಲೆಯೇ ಸ್ಪ್ಯಾನರ್ ಹಾಕಿ. ಬಾಡಿಯ ಕೊನೆಯ ನಟ್ಟು ತೆಗೆಯುವಾಗ ಕೆಳಗಿನಿಂದ ಯಾರಾದರೂ ಸ್ಟ್ರಟ್ ಹಿಡಿದುಕೊಳ್ಳಲಿ. ತೂಕ ಇರುತ್ತದೆ, ಬಿದ್ದರೆ ಡ್ರೈವ್ ಶಾಫ್ಟ್‌ನ ರಬ್ಬರ್ ಬೂಟ್ ಹರಿಯುತ್ತದೆ.

ಸ್ಪ್ರಿಂಗ್ ವಿಷಯಕ್ಕೆ ಬರೋಣ. ನಿಮ್ಮ ಕಾರು ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮುಂದೆ. ಅಂದರೆ ಮುಂದಿನ ಒಂದೊಂದು ಸ್ಪ್ರಿಂಗ್ ಸುಮಾರು 300 ಕೆಜಿ ಹೊತ್ತು ನಿಂತಿದೆ. ಸ್ಟ್ರಟ್ ಕೈಗೆ ಬಂದಾಗ ಆ ಭಾರ ಇಲ್ಲ, ಸ್ಪ್ರಿಂಗ್ ಸುಮ್ನೆ ಇದೆ ಅಂತ ಅನ್ನಿಸುತ್ತದೆ. ಆಗಲೂ ಅದು ಮೇಲಿನ ಮತ್ತು ಕೆಳಗಿನ ತಟ್ಟೆಗಳ ನಡುವೆ ಒತ್ತಿಕೊಂಡೇ ಇರುತ್ತದೆ. ಅದನ್ನು ತಡೆದು ನಿಲ್ಲಿಸಿರುವುದು ಒಂದೇ ಒಂದು ನಟ್ಟು. ಆ ನಟ್ಟು ತೆಗೆಯಬೇಕಾದರೆ ಸ್ಪ್ರಿಂಗನ್ನು ಇನ್ನೂ ಒತ್ತಿ ಹಿಡಿಯಬೇಕು. ಆಗ ಕಂಪ್ರೆಸರ್ ಮೇಲಿರುವ ಬಲ ನೂರಾರು ಕೆಜಿ.

ನೀವು ನೋಡಿರುವ ಅಗ್ಗದ ಕಂಪ್ರೆಸರ್‌ನಲ್ಲಿ ಎರಡು ಉದ್ದ ಮರೆ ರಾಡ್, ತುದಿಗಳಲ್ಲಿ ಕೊಕ್ಕೆ ಇರುತ್ತವೆ. ಸ್ಪ್ರಿಂಗಿನ ಎದುರು ಬದುರು ಹಾಕಿ, ಒಂದಾದ ಮೇಲೊಂದರಂತೆ ತಿರುಗಿಸಬೇಕು. ಸ್ಪ್ರಿಂಗಿನ ತಂತಿ ಓರೆಯಾಗಿ ಸುತ್ತಿಕೊಂಡಿರುವುದರಿಂದ, ಬಿಗಿಯಾದಂತೆ ಕೊಕ್ಕೆಗಳು ಆ ಓರೆಯಲ್ಲಿ ಜಾರಲು ನೋಡುತ್ತವೆ. ಎರಡೂ ರಾಡ್ ಒಂದೇ ಕಡೆಗೆ ಸರಿದರೆ ಸ್ಪ್ರಿಂಗ್ ಬಿಲ್ಲಿನ ಹಾಗೆ ಬಾಗುತ್ತದೆ. ಆಮೇಲೆ ಅದು ಯಾವ ಕಡೆ ಹಾರುತ್ತದೆ ಎಂದು ಹೇಳಲಾಗುವುದಿಲ್ಲ. ದವಡೆ, ಕೈ, ಕಣ್ಣು ಕಳೆದುಕೊಳ್ಳುವುದು ಹೀಗೆಯೇ. ಅಗ್ಗದ ರಾಡ್‌ಗಳ ಮರೆಯೂ ಮೆದು, ನಟ್ಟು ತಿರುಗಿಸುವ ಇಂಪ್ಯಾಕ್ಟ್ ಗನ್ ಹಾಕಿದರೆ ಬಿಸಿಯಾಗಿ ಕಿತ್ತುಕೊಳ್ಳುತ್ತದೆ. ನಿಮ್ಮ ಕೈಚಳಕದ ಬಗ್ಗೆ ನನಗೆ ಅನುಮಾನ ಇಲ್ಲ. ಮೊದಲ ಸಲ, ಒಬ್ಬರೇ, ಗೊತ್ತಿಲ್ಲದ ಉಕ್ಕಿನ ಮೇಲೆ ಇಷ್ಟು ಬಲ ಹೇರುವುದು ಬೇಡ ಎನ್ನುವುದು ನನ್ನ ಮಾತು.

ಗ್ಯಾರೇಜಿನಲ್ಲಿ ಗೋಡೆಗೋ ಸ್ಟ್ಯಾಂಡಿಗೋ ಕೂರಿಸಿದ ಕಂಪ್ರೆಸರ್ ಇರುತ್ತದೆ. ಅದು ಸ್ಪ್ರಿಂಗನ್ನು ಅಗಲವಾದ ಹಿಡಿಕೆಯಿಂದ ನೇರವಾಗಿ ಒತ್ತುತ್ತದೆ. ಕೆಲಸ ಬೇಗ ಮುಗಿಯುತ್ತದೆ, ಕೂಲಿಯೂ ದೊಡ್ಡದಲ್ಲ. ಹಳೆಯ ಸ್ಟ್ರಟ್‌ಗಳಿಗೆ ಎಡ, ಬಲ ಅಂತ ಗುರುತು ಹಾಕಿ, ಗೋಣಿಯಲ್ಲಿ ಸುತ್ತಿಕೊಂಡು ಹೋಗಿ. ಹೋಗುವಾಗ ಮನೆಯ ಮಕ್ಕಳು ಕಾರಿನ ಹತ್ತಿರ ಸುಳಿಯದಂತೆ ಯಾರಿಗಾದರೂ ಹೇಳಿ ಹೋಗಿ. ಅಮೆರಿಕದಲ್ಲಿರುವ ಓದುಗರೂ ಇದನ್ನೇ ಕೇಳುತ್ತಿರುತ್ತಾರೆ. ಅಲ್ಲಿ ಸ್ಪ್ರಿಂಗ್, ಮೌಂಟ್ ಎಲ್ಲ ಸೇರಿಸಿಯೇ ಬರುವ ಸ್ಟ್ರಟ್ ಸಿಗುತ್ತದೆ, ಮನ್ರೋ ಕಂಪನಿಯ ಕ್ವಿಕ್ ಸ್ಟ್ರಟ್ ಅಂಥದ್ದೇ. ಬೆಲೆ ಜಾಸ್ತಿಯಾದರೂ ಮನೆಯಲ್ಲಿ ಮಾಡುವವರು ಅದನ್ನೇ ತರಬೇಕು.

ಗ್ಯಾರೇಜಿನಲ್ಲಿ ನೀವೂ ನಿಂತು ನೋಡಿ. ಹೊಸ ಸ್ಟ್ರಟ್ ಬಾಕ್ಸಿನಲ್ಲಿ ಮಲಗಿಕೊಂಡು ಬಂದಿರುತ್ತದೆ, ಒಳಗೆ ಎಣ್ಣೆ ಇರಬೇಕಾದ ಕಡೆ ಗಾಳಿ ಸೇರಿರಬಹುದು. ಸ್ಪ್ರಿಂಗ್ ಹಾಕುವ ಮೊದಲು ಅದನ್ನು ನೆಟ್ಟಗೆ ನಿಲ್ಲಿಸಿ, ರಾಡನ್ನು ಪೂರ್ತಿ ಒತ್ತಿ ಪೂರ್ತಿ ಎಳೆಯುವುದನ್ನು ನಾಲ್ಕೈದು ಸಲ ಮಾಡಬೇಕು. ಮೇಲೆ ಕೆಳಗೆ ಎಲ್ಲೂ ಖಾಲಿ ಹೊಡೆಯದೆ ಒಂದೇ ಸಮ ಬಿಗಿ ಸಿಕ್ಕರೆ ಸರಿ. ಹೊಳೆಯುವ ರಾಡನ್ನು ಇಕ್ಕಳದಿಂದ ಹಿಡಿಯಲು ಬಿಡಬೇಡಿ. ಅಲ್ಲಿ ಒಂದು ಗೀರು ಬಿದ್ದರೆ ಅದು ಸೀಲನ್ನು ಕೊಯ್ಯುತ್ತಾ ಹೋಗುತ್ತದೆ, ಹೊಸ ಸ್ಟ್ರಟ್ ಕೆಲವೇ ತಿಂಗಳಲ್ಲಿ ಸೋರುತ್ತದೆ. ಮೇಲಿನ ನಟ್ಟನ್ನು ರಾಡ್ ತುದಿಗೆ ಅಲೆನ್ ಕೀ ಹಾಕಿ ಹಿಡಿದು ಬಿಗಿಯಬೇಕು. ಸ್ಪ್ರಿಂಗಿನ ಕೆಳತುದಿ ತಟ್ಟೆಯಲ್ಲಿರುವ ಮೆಟ್ಟಿಲಿಗೆ ತಾಗಿ ಕೂತಿರಬೇಕು. ಕಂಪ್ರೆಸರ್ ಬಿಡಿಸುವ ಮೊದಲು ನೀವೇ ಬೆರಳು ಹಾಕಿ ನೋಡಿ. ಇದು ತಪ್ಪಿದರೆ ಕಾರು ಹೊರಟ ಮೇಲೆ ಸ್ಪ್ರಿಂಗ್ ಠಣ್ ಅಂತ ತಿರುಗಿ ಕೂರುತ್ತದೆ. ಹಳೆಯ ಸ್ಟ್ರಟ್ ಒಳಗೆ ಒತ್ತಡದ ಗ್ಯಾಸ್ ಇರಬಹುದು. ಅದನ್ನು ತೂತು ಮಾಡಬೇಡಿ, ಬೆಂಕಿಗೆ ಹಾಕಬೇಡಿ.

ವಾಪಸ್ ಕೂರಿಸುವುದು ಬಿಚ್ಚಿದ್ದರ ತಿರುಗುಮುರುಗು. ಮೇಲಿನ ನಟ್ಟನ್ನು ಕೈಯಲ್ಲೇ ಹಾಕಿ ನಿಲ್ಲಿಸಿ, ಕೆಳಗೆ ನಕಲ್ ಸೇರಿಸಿ. ಬೋಲ್ಟ್ ಮೊದಲು ಯಾವ ಕಡೆಯಿಂದ ಬಂದಿತ್ತೋ ಅದೇ ಕಡೆಯಿಂದ ಹಾಕಿ. ಗೆರೆಗೆ ತಾಳೆ ಮಾಡಿ ಬಿಗಿಯಿರಿ. ಇಲ್ಲಿ ಅಂದಾಜು ಬೇಡ, ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್ ಬೇಕು. ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲೇ ಇರುತ್ತದೆ. ಕೆಲವು ಮ್ಯಾನ್ಯುಯಲ್‌ಗಳಲ್ಲಿ ಕೆಜಿ-ಮೀಟರ್ ಲೆಕ್ಕ, ರೆಂಚ್ ಮೇಲೆ ನ್ಯೂಟನ್ ಮೀಟರ್. 1 ಕೆಜಿ-ಮೀಟರ್ ಅಂದರೆ 9.8 ನ್ಯೂಟನ್ ಮೀಟರ್. ಬ್ರೇಕ್ ಹೋಸ್, ಎಬಿಎಸ್ ವೈರ್ ಎರಡನ್ನೂ ಅವುಗಳ ಹಿಡಿಕೆಯಲ್ಲೇ ಕೂರಿಸಿ. ಸ್ಟಿಯರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಎಲ್ಲೂ ಜಗ್ಗುತ್ತಿಲ್ಲ, ಉಜ್ಜುತ್ತಿಲ್ಲ ಎಂದು ನೋಡಿ. ಲೋವರ್ ಆರ್ಮ್ ಬೋಲ್ಟನ್ನೂ ಸಡಿಲಿಸಿದ್ದರೆ ಅದನ್ನು ಕೊನೆಯದಾಗಿ ಬಿಗಿಯುವುದು ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರ. ನೇತಾಡುವಾಗ ಬಿಗಿದರೆ ಅದರ ರಬ್ಬರ್ ಬುಷ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಮೊದಲ ಓಡಾಟ ಮನೆಯ ಸುತ್ತಮುತ್ತ, ನಿಧಾನವಾಗಿ ಇರಲಿ. ಅಲ್ಲಿಂದ ನೇರ ಅಲೈನ್‌ಮೆಂಟ್ ಮಾಡುವಲ್ಲಿಗೆ ಹೋಗಿ. ಗೆರೆ ಸರಿಯಾಗಿ ಕೂತಿದೆ, ಸ್ಟಿಯರಿಂಗ್ ನೆಟ್ಟಗಿದೆ ಅಂತ ಇದನ್ನು ಬಿಡಬೇಡಿ. ಕ್ಯಾಂಬರ್ ಸ್ವಲ್ಪ ಬದಲಾದರೂ ಅದರ ಜೊತೆ ಟೋ, ಅಂದರೆ ಚಕ್ರಗಳ ಮುಂತುದಿ ಒಳಗೋ ಹೊರಗೋ ತಿರುಗಿರುವ ಲೆಕ್ಕ, ಬದಲಾಗುತ್ತದೆ, ಟಯರ್ ಅಂಚು ಸದ್ದಿಲ್ಲದೆ ಸವೆಯುತ್ತದೆ. ಕ್ಯಾಂಬರ್ ಅಂಕಿಯನ್ನೂ ಕೇಳಿ ಪಡೆಯಿರಿ. ಬರೀ ಟೋ ಸರಿ ಮಾಡಿ ಕಳಿಸುವ ಕಡೆಗಳೂ ಇವೆ. ನೂರು ಕಿ.ಮೀ. ಆದ ಮೇಲೆ ವೀಲ್ ನಟ್‌ಗಳನ್ನು ಮತ್ತೊಮ್ಮೆ ಟಾರ್ಕ್ ರೆಂಚ್‌ನಿಂದ ನೋಡಿ.

ಮುಂದಿನದು ಇಷ್ಟು ಓಡಿದೆ ಅಂದರೆ ಹಿಂದಿನದರ ಬಗ್ಗೆಯೂ ನೀವು ಕೇಳುತ್ತೀರಿ. ನಿಮ್ಮ ಕಾರಿನ ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ. ಅಲ್ಲಿ ಕಂಪ್ರೆಸರ್ ಬೇಕಿಲ್ಲ, ಆ ಕೆಲಸ ಪೂರ್ತಿಯಾಗಿ ಮನೆಯಲ್ಲೇ ಮಾಡಬಹುದು. ಒಂದು ಎಚ್ಚರ ಮಾತ್ರ ಬೇಕು. ಹಿಂದಿನ ಆಕ್ಸಲ್ ಕೆಳಗೆ ಬೀಳದಂತೆ ತಡೆಯುವುದು ಅದೇ ಶಾಕ್ ಅಬ್ಸಾರ್ಬರ್. ಬೋಲ್ಟ್ ಎಳೆಯುವ ಮೊದಲು ಆಕ್ಸಲ್ ಅಡಿಗೆ ಜಾಕ್ ಕೊಟ್ಟು ಸ್ವಲ್ಪ ಎತ್ತಿ ಹಿಡಿಯಿರಿ, ಒಂದು ಬದಿ ಪೂರ್ತಿ ಮುಗಿಸಿ ಬಿಗಿದ ಮೇಲೆ ಇನ್ನೊಂದು ಬದಿಗೆ ಹೋಗಿ. ಆ ಸಲ ಹ್ಯಾಂಡ್ ಬ್ರೇಕ್ ಹಿಡಿಯುವ ಚಕ್ರಗಳು ಗಾಳಿಯಲ್ಲಿರುತ್ತವೆ. ಕಾರನ್ನು ಗೇರಿಗೆ ಹಾಕಿ, ಮರದ ಅಡೆಗಳನ್ನು ಮುಂದಿನ ಚಕ್ರಗಳಿಗೆ ಕೊಡಿ.